ಬೆಲ್ಲದ ಅಂಗಡಿಯ ಉರ್ಫ್‌ಗಳು

ಎರಡು ಲಾರಿ ಬೆಲ್ಲದ ವ್ಯವಹಾರ. ಪುಣೆಯ ಖರೀದಿದಾರರ ಷರತ್ತು ಒಂದೇ: ಆರ್ಡರು ಇ-ಮೇಲಿನಲ್ಲಿ ಬರುತ್ತದೆ, ಶುಕ್ರವಾರ ರಾತ್ರಿಯೊಳಗೆ ಒಪ್ಪಿಗೆ ಕಳಿಸದಿದ್ದರೆ ಬೇರೆ ಅಂಗಡಿ ನೋಡುತ್ತಾರೆ. ಬೆಲ್ಲ ಮಾರುವುದು ನನಗೆ ಗೊತ್ತು. ಆದರೆ ಕಂಪ್ಯೂಟರು ಬಂದಾಗಿನಿಂದ ನಮ್ಮಲ್ಲಿ ಒಂದಿಲ್ಲೊಂದು ಫಜೀತಿ ತಪ್ಪಿದ್ದಲ್ಲ.

ಉರ್ಫ್

ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರು ಕಡೆ ನಮ್ಮ ಅಂಗಡಿ. ಇ-ಮೇಲಿಗೆಂದು ಲಿನಕ್ಸ್ ಯಂತ್ರ ಕೂಡ್ರಿಸಲು ಬಂದ ಕಂಪ್ಯೂಟರಿನವರು, "ಅಂಗಡಿಗೊಂದು ಅಲಿಯಾಸ್ ಮಾಡ್ತೇನ್ರಿ" ಅಂದರು.

"ಹಂಗಂದ್ರ?"

"ಉರ್ಫ್ ಇದ್ದಂಗ್ರಿ. ಆ ಹೆಸರಿಗೆ ಬಂದ ಟಪಾಲು ನೀವು ಹೇಳಿದ ಪೆಟ್ಟಿಗಿಗೆ ಹೋಗ್ತೈತಿ."

ನನಗೆ ನೆತ್ತಿ ಉರಿಯಿತು. "ಉರ್ಫ್ ಇರೂದು ಪೊಲೀಸ್ ಠಾಣೆ ಫಲಕದಾಗ, ಕಳ್ಳರಿಗ್ರಿ. ನಾವು ಅಪ್ಪನ ಕಾಲದಿಂದ ಒಂದ ಹೆಸರಿನ್ಯಾಗ ವ್ಯಾಪಾರ ಮಾಡೇವಿ."

"ನಿಮ್ಮ ಹೊಲದ ಪಹಣಿ ಉತಾರದಾಗ ಹೆಸರು ಹೆಂಗೈತ್ರಿ?"

ಅದರಲ್ಲಿ ನನ್ನ ಹೆಸರಿಗೆ ಎರಡು ಉರ್ಫ್ ಇವೆ. "ಮಾಡ್ರಿ" ಅಂದೆ.

ಪೋಸ್ಟ್ ಮಾಸ್ತರ

ಮರುದಿನ ಪರದೆಯಲ್ಲಿ ನೋಡಿದರೆ ನಮ್ಮ ಮೂರೂ ಅಂಗಡಿಗಳ ಹೆಸರಿನ ಮೇಲೆ 'ಪೋಸ್ಟ್ ಮಾಸ್ಟರ್' ಎಂಬವನೊಬ್ಬ ಕೂತಿದ್ದ.

"ಇಂವ ಯಾರ್ರಿ? ಇವಗ ಪಗಾರ ಯಾರು ಕೊಡೋರು?" ಕಂಪ್ಯೂಟರಿನವರನ್ನು ಕೇಳಿದೆ.

"ಪಗಾರ ಬ್ಯಾಡ್ರಿ ಅವಗ. ಅದೂ ಅಲಿಯಾಸ. ಮುಟ್ಟಲಾರದ ಟಪಾಲಿನ ತಕರಾರು ಆ ಹೆಸರಿಗೆ ಬರ್ತಾವು."

ತಕರಾರು ಕೇಳಲು ನನಗೆಲ್ಲಿ ಪುರಸತ್ತು? ಅದನ್ನು ಮೂಡಲಗಿಯ ಅಂಗಡಿಯ ಗುಮಾಸ್ತರ ಸ್ವಂತ ಪೆಟ್ಟಿಗೆಗೆ ಹಚ್ಚಿಸಿ, ಅವರಿಗೆ ಫೋನು ಮಾಡಿದೆ. "ಪೋಸ್ಟ್ ಮಾಸ್ತರರ ಹೆಸರಿಗೆ ಏನರ ಬಂದ್ರ ನೀವ ನೋಡ್ಕೋರಿ."

"ಆತ್ರಿ ಸಾವ್ಕಾರ. ನಾನ ಹೋಗಿ ಮುಟ್ಟಸ್ತೇನಿ."

ಎಲ್ಲಿಗೆ ಹೋಗಿ ಎಂದು ಕೇಳುವ ಬುದ್ಧಿ ನನಗಾದರೂ ಬರಬೇಕಿತ್ತು.

ಸುತ್ತಾಟ

ಮಾಲು ಇರುವುದು ಮೂಡಲಗಿಯಲ್ಲಿ ಎಂದು ಗೋಕಾಕದ ಟಪಾಲನ್ನು ನಾನು ಅಲ್ಲಿಗೆ ಹೊರಳಿಸಿದ್ದೆ. ಲಾರಿ ಗೊತ್ತುಮಾಡುವುದು ಹುಕ್ಕೇರಿಯ ನನ್ನ ತಮ್ಮ ಎಂದು ಗುಮಾಸ್ತರು ಮೂಡಲಗಿಯದನ್ನು ಹುಕ್ಕೇರಿಗೆ ಹೊರಳಿಸಿದರು. ದರ ಹೇಳುವುದು ಅಣ್ಣ ಎಂದು ತಮ್ಮ ಹುಕ್ಕೇರಿಯದನ್ನು ಗೋಕಾಕಕ್ಕೆ ಹೊರಳಿಸಿದ. ಒಬ್ಬರೂ ಇನ್ನೊಬ್ಬರಿಗೆ ಹೇಳಲಿಲ್ಲ. ಪುಣೆಯ ಆರ್ಡರು ಮೂರು ಊರು ಸುತ್ತಿ ಸುತ್ತಿ, ಎಲ್ಲೂ ಇಳಿಯಲಾರದೆ ಪೋಸ್ಟ್ ಮಾಸ್ಟರ್ ಹೆಸರಿನ ತಕರಾರಾಗಿ ಗುಮಾಸ್ತರ ಪೆಟ್ಟಿಗೆ ಸೇರಿತು.

ಶುಕ್ರವಾರ ಸಂಜೆ ನಾನು ಗೋಕಾಕದ ಅಂಗಡಿಯಲ್ಲಿ ಖಾಲಿ ಪರದೆಯ ಮುಂದೆ ಪುಣೆಯವರನ್ನು ಬೈಯುತ್ತ ಕೂತಿದ್ದೆ. ಅಂಗಡಿ ಮುಂದೆ ಗಾಡಿ ನಿಂತಿತು. ಮೂಡಲಗಿಯ ಖರೆ ಪೋಸ್ಟ್ ಮಾಸ್ತರರು, ಕೆಲಸ ಮುಗಿಸಿ ಗೋಕಾಕದ ಮನೆಗೆ ಹೊರಟವರು.

"ಏನ್ರಿ ಸಾವ್ಕಾರ, ನಿಮ್ಮ ಗುಮಾಸ್ತರು ಕಂಪ್ಯೂಟರಿನ್ಯಾಗ ನನ್ನ ಹೆಸರಿಗೆ ಬಂದೈತಿ ಅಂತ ಈ ಕಾಗದ ಛಾಪಿಸಿ ತಂದು ಕೊಟ್ಟು ಹೋದ್ರು. ಓದಿದ್ರ ನಿಮ್ಮ ಬೆಲ್ಲ. ನಾನೆಲ್ಲಿಂದ ತರ್ಲಿ ಎರಡು ಲಾರಿ?"

ಅವರನ್ನು ನಿಲ್ಲಿಸಿಕೊಂಡೇ ಪುಣೆಗೆ ಒಪ್ಪಿಗೆ ಕಳಿಸಿದೆ.

ಕಡೆಯ ಲೆಕ್ಕ: ಎರಡು ಲಾರಿ ಬೆಲ್ಲ ಮಾರಾಟ. ಅದರಲ್ಲಿ ಒಂದು ಪೆಂಟಿ ಬೆಲ್ಲ ಕಡಿಮೆ, ಪಗಾರ ಬೇಡದ ಪೋಸ್ಟ್ ಮಾಸ್ತರರಿಗೆ.