ಎರಡು ಮಾನಿಟರಿನ ಹೆಣ್ಣು ನೋಡುವ ಶಾಸ್ತ್ರ

ಕಂಪ್ಯೂಟರಿಗೆ ಒಂದೇ ಮಾನಿಟರ್ ಇರುವವರೆಗೆ ಮನುಷ್ಯ ಸುಖವಾಗಿರುತ್ತಾನೆ; ಎರಡನೆಯದು ತಂದ ದಿನ ನನಗೆ ಫೋನ್ ಮಾಡುತ್ತಾನೆ. ಅರಸೀಕೆರೆಯಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡು ನಾನು ಕಂಡುಕೊಂಡ ಸತ್ಯ ಇದೊಂದೇ. ಕೆಳಗಿನದರಲ್ಲಿ ಮುಕ್ಕಾಲು ಪಾಲು ನಡೆದದ್ದು. ಉಳಿದ ಕಾಲು ಪಾಲು ನಡೆಯಬೇಕಾಗಿತ್ತು, ಯಾಕೋ ನಡೆಯಲಿಲ್ಲ. ಅದನ್ನು ನಾನೇ ನಡೆಸಿದ್ದೇನೆ.

೧. ಏಣಿ

ನಮ್ಮ ಅಂಗಡಿಯ ಮಹಡಿ ಮೇಲೆ ಒಂದು ವಧೂವರರ ಕೇಂದ್ರ ಇದೆ. ಯಜಮಾನರು, ಅವರ ಹೆಂಡತಿ, ಒಂದು ಕಂಪ್ಯೂಟರು, ಒಂದು ಬೋರ್ಡು. ಬೋರ್ಡಿನ ಮೇಲೆ ‘ಒಬ್ಬರೇ ಬನ್ನಿ, ಇಬ್ಬರಾಗಿ ಹೋಗಿ’ ಅಂತ ಬರೆದಿದೆ.

ತೊಂದರೆ ಇಷ್ಟೆ. ಗಂಡಿನ ಕಡೆಯವರು ಹೆಣ್ಣಿನ ಫೋಟೋ ನೋಡಲು ಮಾನಿಟರನ್ನು ಆ ಕಡೆ ತಿರುಗಿಸುವುದು, ಹೆಣ್ಣಿನ ಕಡೆಯವರು ಗಂಡಿನ ಸಂಬಳ ನೋಡಲು ಈ ಕಡೆ ತಿರುಗಿಸುವುದು. ಟೇಬಲ್ ಫ್ಯಾನಿನ ಹಾಗೆ ಆಡಿ ಆಡಿ ಅದರ ಕತ್ತು ಸಡಿಲವಾಗಿತ್ತು.

ಆ ಭಾನುವಾರ ಬಿಕ್ಕೋಡಿನ ಎಸ್ಟೇಟ್ ರೈಟರು ಹೆಣ್ಣು ನೋಡಲು ಬರುವವರಿದ್ದರು. ಕಾಫಿ ತೋಟದಲ್ಲಿ ಆಳುಗಳ ಹಾಜರಿ ಬರೆಯುವ ಕೆಲಸ, ವಯಸ್ಸು ಮೂವತ್ತೆಂಟು, ಈ ಕೇಂದ್ರದಲ್ಲೇ ಹನ್ನೊಂದು ಸಂಬಂಧ ತಪ್ಪಿಹೋಗಿತ್ತು. ಹನ್ನೆರಡನೆಯದು ಬಾಣಾವರದ ಸ್ಕೂಲ್ ಮೇಡಂ. “ಇದೂ ತಪ್ಪಿದರೆ ಬೋರ್ಡು ಇಳಿಸಿಬಿಡ್ತೀನಿ” ಅಂತ ಯಜಮಾನರು ಹೆಂಡತಿ ಮುಂದೆ ಬಾಯಿಬಿಟ್ಟಿದ್ದರು.

ಆಯಮ್ಮ ಮರುದಿನವೇ ಏಣಿ ತರಿಸಿ ಬಾಗಿಲ ಪಕ್ಕ ಒರಗಿಸಿದ್ದರು.

೨. ಜೋಡಿ

“ಎರಡನೇ ಮಾನಿಟರ್ ತಂದು ನಾನೇ ಜೋಡಿಸಿದೆ ಕಣ್ರೀ, ಎರಡೂ ಕತ್ತಲೆ” ಅಂದರು ಯಜಮಾನರು. ಮೇಲೆ ಹೋಗಿ ನೋಡಿದೆ. ಎರಡು ಮಾನಿಟರುಗಳು ಎದುರುಬದುರು ಮುಖ ಮಾಡಿ ಕೂತಿವೆ. ಎರಡಕ್ಕೂ ಅರಿಶಿನ ಕುಂಕುಮ. ಇದರ ಬೆನ್ನಿಂದ ಹೊರಟ ಕೇಬಲ್ಲು ನೇರ ಅದರ ಬೆನ್ನಿಗೆ. ಸಿಪಿಯು ಮಾತ್ರ ಮೂಲೆಯಲ್ಲಿ, ಕರೆಯದ ನೆಂಟನ ಹಾಗೆ.

“ಸಿಪಿಯುಗೆ ಯಾಕೆ ಕೊಟ್ಟಿಲ್ಲ?”

“ಜೋಡಿ ಮಾಡೋದು ಇವೆರಡಕ್ಕೆ ತಾನೇ? ನಡುವೆ ಮೂರನೆಯವರು ಬಂದರೆ ಸಂಬಂಧ ಕೆಡುತ್ತೆ ಅಂತ ಮೂವತ್ತು ವರ್ಷದಿಂದ ನೋಡ್ತಾ ಇದ್ದೀನಿ.”

ನಾನು ಎರಡನ್ನೂ ಸಿಪಿಯುಗೆ ಜೋಡಿಸಿ, ಮೇಜಿನ ನಡುವೆ ಬೆನ್ನಿಗೆ ಬೆನ್ನು ಮಾಡಿ ಇಟ್ಟೆ: ಒಂದು ಗಂಡಿನ ಕಡೆಗೆ, ಇನ್ನೊಂದು ಹೆಣ್ಣಿನ ಕಡೆಗೆ. ಯಜಮಾನರು ಮೇಜಿನ ತುದಿಯಲ್ಲಿ ಕೀಬೋರ್ಡ್, ಮೌಸ್ ಹಿಡಿದು ಗತ್ತಿನಿಂದ ಕೂತರು. ಕೂತ ಮೇಲೆ ಗೊತ್ತಾಯಿತು, ಅವರಿಗೆ ಎರಡೂ ಕಾಣುವುದಿಲ್ಲ, ಪಕ್ಕೆ ಮಾತ್ರ ಕಾಣುತ್ತದೆ. ಆಗ ಹೆಂಡತಿ ಎದ್ದುನಿಂತು, ಬಸ್ಸು ರಿವರ್ಸ್ ತೆಗೆಸುವ ಕಂಡಕ್ಟರಿನ ಹಾಗೆ ಮೌಸಿನ ಬಾಣಕ್ಕೆ ದಾರಿ ತೋರಿಸಲು ಶುರುಮಾಡಿದರು:

“ಬರ್ಲಿ... ಬರ್ಲಿ... ಇನ್ನೂ ಬಲಕ್ಕೆ... ಫೋಟೋ ಹತ್ರ ಬಂತು... ಹೋಲ್ಡಾನ್!”

ಯಜಮಾನರು ಕ್ಲಿಕ್ ಮಾಡಿದರು. ಕಂಪ್ಯೂಟರು ಆಫ್ ಆಯಿತು.

೩. ಬಾಣ

ಕೊನೆಗೆ ಯಜಮಾನರು ಗಂಡಿನ ಕಡೆ, ಹೆಂಡತಿ ಹೆಣ್ಣಿನ ಕಡೆ ಕೂರುವುದೆಂದು ತೀರ್ಮಾನವಾಯಿತು. ಮರುದಿನ ನಾನು ಹಳೇಬೀಡಿನ ಫೋಟೋ ಸ್ಟುಡಿಯೋದಲ್ಲಿದ್ದೆ. ಯಜಮಾನರ ಫೋನು ಬಂತು.

“ರೀ, ಮೌಸಿನ ಬಾಣ ಹೆಣ್ಣಿನ ಮಾನಿಟರಿಗೆ ಹೋಗಿ ಕೂತಿದೆ. ವಾಪಸ್ ಬರ್ತಿಲ್ಲ.”

“ಬೀಗರ ಮನೆಗೆ ಹೋದದ್ದು ಊಟ ಮಾಡದೆ ಬರುತ್ತಾ? ಕಾಯಿರಿ” ಅಂದೆ.

ಪಾಪ, ನಿಜವಾಗಿ ಕಾದರು. ನಾನು ಬೇಲೂರಿನ ಬಸ್ಸು ಹತ್ತಿದ ಮೇಲೆ ಮತ್ತೆ ಫೋನು: “ಊಟದ ಹೊತ್ತು ಮುಗೀತು, ಇನ್ನೂ ಬಂದಿಲ್ಲ.” ಬಸ್ಸಿನ ಸದ್ದಿಗೆ ನಾನು ಕೂಗಲೇಬೇಕಾಯಿತು:

“ಹೆಣ್ಣಿನ ಕಡೆ ಇರೋದನ್ನ ಹಿಡ್ಕೊಂಡು ಎಡಕ್ಕೆ ಎಳೀರಿ! ಜಗ್ಗದಿದ್ದರೂ ಬಿಡಬೇಡಿ! ಗಂಡಿನ ಕಡೆ ಬಂತಾ? ಅಲ್ಲೇ ಕೂರಿಸಿ!”

ಬಸ್ಸು ಗಪ್‌ಚಿಪ್. ಮುಂದಿನ ಸೀಟಿನ ಅಜ್ಜಿ ತಿರುಗಿ, “ಎಲ್ಲಿಂದ ಎಳ್ಕಂಡ್ ಬತ್ತಾವ್ರಪ್ಪಾ?” ಅಂದಳು.

ಸುಮ್ಮನಿರಬಹುದಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. “ಬಾಣಾವರದಿಂದ ಅಜ್ಜಿ. ಹುಡುಗಿಗೆ ಇನ್ನೂ ವಿಷಯ ಗೊತ್ತಿಲ್ಲ” ಅಂದೆ.

ಬಸ್ತಿಹಳ್ಳಿ ಹತ್ತಿರ ಕಂಡಕ್ಟರು ಶಿಳ್ಳೆ ಹೊಡೆದು ನನ್ನನ್ನು ಇಳಿಸಿದ. ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಸ್ಸು ಮರೆಯಾಗುವವರೆಗೂ ಬೈದಳು.

೪. ಷರಾ

ಕೇಂದ್ರದಲ್ಲಿ ಪ್ರತಿಯೊಬ್ಬರ ವಿವರದ ಕೆಳಗೂ ‘ಷರಾ’ ಅಂತ ಒಂದು ಜಾಗ ಇರುತ್ತದೆ. ಫೋಟೋದಲ್ಲಿ ಕಾಣದ ಸತ್ಯಗಳನ್ನು ಯಜಮಾನರು ಅಲ್ಲಿ ಬರೆದುಕೊಳ್ಳುತ್ತಾರೆ. ಅದನ್ನು ಯಾರಿಗೂ ತೋರಿಸುವುದಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲ ಸರಿಯಾಗಿ ಇಟ್ಟೆ. ಆಮೇಲೆ ಕೈ ಕಡಿಯಿತು. ಯಜಮಾನರು ಸ್ವಲ್ಪ ಹೊತ್ತು ಹೌಹಾರಲಿ ಅಂತ ಇಬ್ಬರ ಷರಾ ಇರುವ ಪುಟಗಳನ್ನೂ ತೆರೆದು, ಸಿಪಿಯು ಹಿಂದೆ ಎರಡೂ ಕೇಬಲ್ಲನ್ನು ಅದಲುಬದಲು ಮಾಡಿದೆ. ನೆಂಟರು ಬರುವ ಮೊದಲು ಸರಿಮಾಡಿದರಾಯಿತು ಅಂತಿದ್ದೆ. ಅವರು ಅರ್ಧ ಗಂಟೆ ಮೊದಲೇ ಬಂದು ಕೂತುಬಿಟ್ಟರು.

ಈಗ ರೈಟರ ಮುಂದೆ ಅವರದೇ ಷರಾ: ‘ಮೂವತ್ನಾಲ್ಕು ಎಂದು ಹೇಳುವುದು, ನಿಜ ಮೂವತ್ತೆಂಟು. ಕೂದಲು ಫೋಟೋದಲ್ಲಿದೆ. ಒಂದೇ ಪಟ್ಟಿಗೆ ಹದಿನಾಲ್ಕು ಇಡ್ಲಿ.’ ಆ ಕಡೆ ಮೇಡಮ್ಮಿನ ಮುಂದೆ ಅವರದೇ: ‘ಅಡುಗೆ ಬರುತ್ತದೆ ಎಂದು ತಾಯಿ ಹೇಳಿದ್ದು, ತಿಂದವರು ಹೇಳಿಲ್ಲ. ಹಿಂದಿನ ಗಂಡಿಗೆ ಹದಿಮೂರರ ಮಗ್ಗಿ ಕೇಳಿ ಓಡಿಸಿದ್ದಾರೆ.’

ಯಜಮಾನರು ಬೆವರುತ್ತ ಮೌಸ್ ಎಳೆದರು. ಬಾಣ ಹೆಣ್ಣಿನ ಕಡೆ ಹೋಯಿತು. ಕೇಬಲ್ ಅದಲುಬದಲಾಗಿದ್ದರಿಂದ ಎಡ ಬಲ ಉಲ್ಟಾ. ಎಷ್ಟು ಎಳೆದರೂ ವಾಪಸ್ ಬರಲಿಲ್ಲ. ಹೆಂಡತಿ ಒಂದು ಸಲ ಪರದೆ ನೋಡಿದರು, ಒಂದು ಸಲ ಏಣಿ ನೋಡಿದರು.

ಇಬ್ಬರ ನಡುವೆ ಎರಡು ಮಾನಿಟರಿನ ಗೋಡೆ, ಮುಖ ಕಾಣುವುದಿಲ್ಲ. ಇನ್ನೊಬ್ಬರೂ ಇದನ್ನೇ ಓದುತ್ತಿದ್ದಾರೆಂದು ಇಬ್ಬರೂ ಅಂದುಕೊಂಡರು. ಮೊದಲು ರೈಟರ ಸಣ್ಣ ದನಿ ಕೇಳಿತು:

“ಹದಿನಾಲ್ಕಲ್ಲ ಮೇಡಂ. ಹನ್ನೆರಡು. ಎರಡು ವಡೆ.”

ಆ ಕಡೆ ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡ ಸದ್ದು. ಆಮೇಲೆ, “ನಾನು ಮಗ್ಗಿ ಕೇಳಿದ್ದು ನಿಜ. ಅವರಿಗೆ ಬರಲಿಲ್ಲ.”

ರೈಟರು ಗಂಟಲು ಸರಿಮಾಡಿಕೊಂಡರು. “ಹದಿಮೂರೊಂದ್ಲೆ ಹದಿಮೂರು. ಹದಿಮೂರೆರಡ್ಲೆ ಇಪ್ಪತ್ತಾರು...” ಹಾಜರಿ ಕೂಗುವ ದನಿಯಲ್ಲಿ ಹತ್ತರವರೆಗೂ ಒಂದೇ ಉಸಿರಿಗೆ ಹೇಳಿದರು. ಮೇಡಂ ಎದ್ದು, ತಮ್ಮ ಮುಂದಿದ್ದ ಮಾನಿಟರನ್ನೂ ಅದರ ಹಿಂದಿನದನ್ನೂ ಎರಡೂ ಕೈಯಲ್ಲಿ ಪಕ್ಕಕ್ಕೆ ಸರಿಸಿ, ಮುಖ ನೋಡಿದರು.

“ಕೂದಲಿಲ್ಲದಿದ್ದರೆ ಪರವಾಗಿಲ್ಲ” ಅಂದರು. “ಮಗ್ಗಿ ಇದೆ.”

ಬೋರ್ಡು ಉಳಿಯಿತು. ಕೇಬಲ್ಲಿನ ವಿಷಯ ನಾನು ಈವತ್ತಿನವರೆಗೂ ಬಾಯಿಬಿಟ್ಟಿಲ್ಲ. ಇದೆಲ್ಲ ತಮ್ಮ ಯೋಜನೆ ಎಂದೇ ಯಜಮಾನರು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಮದುವೆಗೆ ಅದೇ ಏಣಿ ಹತ್ತಿ ಮಾವಿನ ತೋರಣ ಕಟ್ಟಿದವರೂ ಅವರೇ.

ಮುಹೂರ್ತದ ಹೊತ್ತು. ಹೆಣ್ಣು ಗಂಡಿನ ನಡುವೆ ಅಂತರಪಟದ ಬಟ್ಟೆ. ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ, ನಮ್ಮೆಲ್ಲರ ಕೈಯಲ್ಲಿ ಅಕ್ಷತೆ. ಬಟ್ಟೆ ಇನ್ನೇನು ಸರಿಯಬೇಕು, ಆ ಕಡೆಯಿಂದ ಮೇಡಮ್ಮಿನ ದನಿ ಬಂತು: “ಹದಿನೇಳರದ್ದು?”

ರೈಟರಿಗೆ ಪೇಟದ ಒಳಗೆ ಬೆವರು. “ಹದಿನೇಳೊಂದ್ಲೆ ಹದಿನೇಳು...” ಅಂತ ಶುರುಮಾಡಿದರು. ಆರರವರೆಗೂ ಓಡಿದರು. “ಹದಿನೇಳೇಳ್ಲೆ...” ನಿಂತುಬಿಟ್ಟರು. ವಾಲಗ ನಿಂತಿತು. ಯಜಮಾನರು ನನ್ನ ತೋಳು ಹಿಡಿದುಕೊಂಡರು.

ಪುರೋಹಿತರು ಬಟ್ಟೆ ಹಿಡಿದವರ ಕಡೆ ನೋಡಿದರು, ಗಡಿಯಾರ ನೋಡಿದರು, ಮಂತ್ರದ ರಾಗದಲ್ಲೇ ಹೇಳಿದರು: “ನೂರಾ ಹತ್ತೊಂಬತ್ತು... ಗಟ್ಟಿಮೇಳ, ಗಟ್ಟಿಮೇಳ!”