ಕೈಮಗ್ಗ ಮಾಪಕದ ಕಾವಲು ಗಡಿಯಾರ

ಇಳಕಲ್ಲಿನ ಕೈಮಗ್ಗಗಳನ್ನು ಉಳಿಸಲು ಪ್ರತಿ ಮಗ್ಗಕ್ಕೂ ಒಂದು ಕಂಪ್ಯೂಟರ್ ಕಟ್ಟತಕ್ಕದ್ದು ಎಂದು ಮಗ್ಗ ಮಾಪನ ಸಮಿತಿ ತೀರ್ಮಾನಿಸಿದೆ. ಇದನ್ನು ನನಗೆ ಮೊದಲು ಹೇಳಿದವಳು ಕಾಲೇಜಿನ ಗೆಳತಿ ಸಪ್ನಾ. ಆ ಕಂಪ್ಯೂಟರ್ ಮಾಡಿಕೊಟ್ಟ ಎಂಜಿನಿಯರ್ ಅವಳೇ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ತಿನ್ನುತ್ತ ಹೇಳಿದಳು. ಅವಳು ನಗಲಿಲ್ಲ, ಹಾಗಾಗಿ ನಾನೂ ನಗಲಿಲ್ಲ.

ಅವಳು ಮಾಡಿದ್ದು ಅಂಗೈಯಗಲದ ಪೆಟ್ಟಿಗೆ. ಮಗ್ಗ ಬಡಿದಾಗಲೆಲ್ಲ ಒಂದು ಎಂದು ಎಣಿಸುವುದಷ್ಟೇ ಅದರ ಕೆಲಸ. ಆದರೂ ಒಳಗೆ ಎಲ್ಲವನ್ನೂ ನಡೆಸುವ ಕರ್ನಲ್ ಎಂಬ ತಂತ್ರಾಂಶದ ಯಜಮಾನ ಕೂರಬೇಕು, ಅವನನ್ನು ಕೂರಿಸುವ ಮುಂಚೆ ಏನೇನು ಬೇಕು ಎಂಬ ಮೂರು ಸಾವಿರ ಚಿಲ್ಲರೆ ಪ್ರಶ್ನೆಗಳಿಗೆ ಹೌದು, ಇಲ್ಲ ಎಂದು ಉತ್ತರಿಸಬೇಕು. ಸಪ್ನಾ ನಲವತ್ತಕ್ಕೆ ಹೌದು, ಉಳಿದದ್ದಕ್ಕೆ ಇಲ್ಲ ಎಂದು ಬರೆದು ಬಾಗಲಕೋಟೆಯ ಸಮಿತಿ ಕಚೇರಿಗೆ ಕಳಿಸಿದಳು.

ಸಮಿತಿಯ ಕಾರ್ಯದರ್ಶಿ ಶಿವಪ್ರಕಾಶ ಸಾಹೇಬರು ನಿಯಮ ಏಳನ್ನು ತೋರಿಸಿದರು: ಹೌದು ಎನ್ನಲು ಕಾರಣ ಬೇಕಿಲ್ಲ, ಇಲ್ಲ ಎನ್ನುವವರು ಕಾರಣವನ್ನು ಮೂರು ಪ್ರತಿಗಳಲ್ಲಿ ಲಗತ್ತಿಸತಕ್ಕದ್ದು. ಇಲ್ಲಗಳೆಲ್ಲ ಹೌದಾದವು. ಮಗ್ಗದ ಪೆಟ್ಟಿಗೆಗೆ ಟಿವಿ ಬೇಕೆ? ಹೌದು. ವಿಡಿಯೋ ಗೇಮಿನ ಹಿಡಿಕೆ? ಹೌದು. ಇಷ್ಟೆಲ್ಲ ತುಂಬಿದ ಕರ್ನಲ್ ಹಿಡಿಯದೆ ಪೆಟ್ಟಿಗೆ ಕುಕ್ಕರಿನಷ್ಟಾಯಿತು. ಇದನ್ನು ಪ್ರಗತಿ ಎಂದು ದಾಖಲಿಸಲಾಯಿತು.

ಸಾಹೇಬರಿಗೆ ಭಾಳ ಹಿಡಿಸಿದ್ದು ಕಾವಲು ಗಡಿಯಾರ. ಹತ್ತು ನಿಮಿಷ ಕೆಲಸದ ಸುಳಿವಿಲ್ಲದಿದ್ದರೆ ಅದು ಎಲ್ಲವನ್ನೂ ಮೊದಲಿನಿಂದ ಶುರು ಮಾಡುತ್ತದೆ, ಎಣಿಕೆ ಸೊನ್ನೆಯಾಗುತ್ತದೆ. ಒಮ್ಮೆ ಹೊರಟಿತೆಂದರೆ ಯಾರಿಂದಲೂ ನಿಲ್ಲಿಸಲಾಗದಂತೆ ಮಾಡಬೇಕೆ ಎಂಬುದಕ್ಕೂ ಹೌದು ಎಂದರು. ಇದನ್ನು ತಮ್ಮ ಕಚೇರಿಗೂ ಅಳವಡಿಸುವ ಪ್ರಸ್ತಾವವನ್ನು ಮಾತ್ರ ಮುಂದೂಡಲಾಯಿತು.

ಮೊದಲ ಪೆಟ್ಟಿಗೆ ಬಂದದ್ದು ಅಂಬವ್ವನ ಮಗ್ಗಕ್ಕೆ. ನಲವತ್ತು ವರ್ಷದಿಂದ ನೇಯುವ ಕೈ. ಇಳಕಲ್ ಸೀರೆಯ ಮೈಯ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಬೆರಳಿನಿಂದ ಕೊಂಡಿ ಹಾಕಿ ಕೂಡಿಸಬೇಕು. ಅಂಬವ್ವ ಮಗ್ಗ ನಿಲ್ಲಿಸಿ ಕೊಂಡಿ ಹಾಕಲು ಕೂತಳು. ಹನ್ನೊಂದನೇ ನಿಮಿಷಕ್ಕೆ ಎಣಿಕೆ ಸೊನ್ನೆಯಾಗಿ, 'ಇಲ್ಲಿ ನೇಕಾರರಿಲ್ಲ' ಎಂಬ ಚೀಟಿ ಹೊರಬಿತ್ತು. ಮುಂದಿನ ಸೀರೆಗೂ ಅದೇ ಚೀಟಿ. ಮೂರು ಚೀಟಿಯಾದರೆ ನೇಕಾರರ ಕಾರ್ಡು ರದ್ದು. ಕಾರ್ಡು ಹೋದರೆ ರಿಯಾಯಿತಿ ನೂಲೂ ಇಲ್ಲ, ದವಾಖಾನಿ ವಿಮೆಯೂ ಇಲ್ಲ.

ಸಪ್ನಾಳನ್ನು ಕರೆದುಕೊಂಡು ಅಂಬವ್ವ ಬಾಗಲಕೋಟೆಗೆ ಹೋದಳು.

"ಕೊಂಡಿ ಹಾಕೂ ಮುಂದ ಮಗ್ಗ ಬಡಿಯಾಕ ಬರಂಗಿಲ್ರಿ ಸಾಹೇಬ್ರ. ಅದು ಬೆರಳಿನ ಕೆಲಸ."

"ಅಂದ್ರ ಆ ಹೊತ್ತಿನ್ಯಾಗ ನೇಯೂದಿಲ್ಲ ಅಂತ ನೀವ ಒಪ್ಪಿದಂಗಾತಲ್ಲ, ಅಂಬವ್ವಾರ."

ಕಾವಲು ಗಡಿಯಾರದ ಒಂದೇ ಒಂದು ಹೌದನ್ನು ಇಲ್ಲ ಮಾಡಿದರೆ ಸಾಕು, ಸಂಜೆಯೊಳಗೆ ಕರ್ನಲ್ ಹೊಸದಾಗಿ ಕಟ್ಟಿಕೊಡುತ್ತೇನೆ ಎಂದಳು ಸಪ್ನಾ. ಸಾಹೇಬರು ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕಾರಣ ಬರಿಯಾಕ ಇದರಾಗ ಜಾಗಾನ ಇಲ್ರಿ, ಮೇಡಂ. ನಾ ಏನ್ ಮಾಡ್ಲಿ?" ಎಂದರು. ಬದಲಿಗೆ ಸುತ್ತೋಲೆ ಹೊರಟಿತು: ಕೊಂಡಿ ಹಾಕುವಾಗಲೂ ನೇಕಾರರು ಮಗ್ಗ ಬಡಿಯುತ್ತಲೇ ಇರತಕ್ಕದ್ದು.

ಹಾಗೆ ಬಡಿದರೆ ಎಳೆಗಳು ಹರಿಯುತ್ತವೆ. ಅಂಬವ್ವ ಮನೆಗೆ ಬಂದವಳೇ ಪೆಟ್ಟಿಗೆ ಬಿಚ್ಚಿ, ಸೊಂಟದ ಮೇಲೆ ಹೊತ್ತು ಪಕ್ಕದ ಮನೆಯ ಅಮೀನಪ್ಪನ ಪವರ್‌ಲೂಮಿಗೆ ಕಟ್ಟಿಸಿದಳು.

"ಇದಕ್ಕ ಬಡಿತ ಬೇಕಂತೋ ತಮ್ಮಾ. ನಿನ್ನ ಮಷಿನ್ ಹೆಂಗೂ ಬಡಿತೈತಲ್ಲ."

ತಿಂಗಳು ತುಂಬುವುದರೊಳಗೆ ಅಂಬವ್ವನಿಗೆ 'ಅಪ್ಪಟ ಕೈಮಗ್ಗ, ಜಿಲ್ಲೆಗೆ ಪ್ರಥಮ' ಎಂಬ ಪ್ರಮಾಣಪತ್ರ ಬಂತು. ಅನುಮಾನ ಬಂದು ಸಾಹೇಬರು ಖುದ್ದು ಹೊರಟು ಬಂದರು. ಪೆಟ್ಟಿಗೆ ಪವರ್‌ಲೂಮಿನ ಮೇಲಿತ್ತು. ಅಂಬವ್ವ ತನ್ನ ಮನೆಯಲ್ಲಿ ಕೊಂಡಿ ಹಾಕುತ್ತಿದ್ದಳು. ಎರಡನ್ನೂ ನೋಡಿ, ಚಹಾ ಕುಡಿದು, 'ಮಾಪಕ ಸುಸ್ಥಿತಿಯಲ್ಲಿದೆ' ಎಂದು ಬರೆದರು. ಎಣಿಸುವುದು ಪೆಟ್ಟಿಗೆಯ ಕೆಲಸ. ಎಲ್ಲಿ ಕೂತು ಎಣಿಸಬೇಕೆಂದು ನಿಯಮದಲ್ಲಿಲ್ಲ.

ಈಗ ಓಣಿಯ ಎಲ್ಲ ಪೆಟ್ಟಿಗೆಗಳೂ ಅಮೀನಪ್ಪನಲ್ಲೇ ಇವೆ. ತೊಂದರೆ ಒಂದೇ: ಕರೆಂಟು ಹೋದರೆ ಕೈಮಗ್ಗಗಳೆಲ್ಲ ನಿಲ್ಲುತ್ತವೆ. ಕೈಮಗ್ಗದ ಉಳಿವಿಗಾಗಿ ಆ ಪವರ್‌ಲೂಮಿಗೆ ಇಪ್ಪತ್ನಾಲ್ಕು ತಾಸೂ ವಿದ್ಯುತ್ ಕೊಡತಕ್ಕದ್ದು ಎಂದು ಸಮಿತಿ ಶಿಫಾರಸು ಮಾಡಿದೆ. ಅಂಬವ್ವ ಮಾತ್ರ ಕಾರ್ಡನ್ನು ಗೋಡೆಗೆ ಸಿಕ್ಕಿಸಿ ನಿಶ್ಚಿಂತೆಯಿಂದ ಕೊಂಡಿ ಹಾಕುತ್ತಾಳೆ.

ನಿಮಗೆ ಇಳಕಲ್ಲಿನಲ್ಲಿ ಗುರುತಿನ ನೇಕಾರರಿದ್ದರೆ ಈ ಮಾತನ್ನು ಮುಟ್ಟಿಸಿಬಿಡಿ. ಅಮೀನಪ್ಪನ ಮಷಿನ್ನಿನ ಮೇಲೆ ಇನ್ನು ಎರಡೇ ಪೆಟ್ಟಿಗೆಗೆ ಜಾಗವಿದೆಯಂತೆ.