ನಮ್ಮ ಕಾರಿನ ಗಟ್ಟಿ ರ‍್ಯಾಂಪು

“ಇನ್ನು ಮೇಲೆ ನಮ್ಮ ಕಾರಿಗೆ ನಾನೇ ಡಾಕ್ಟರ್, ನಾನೇ ಸರ್ಜನ್! ಆಯಿಲ್ ಬದಲಾಯಿಸೋಕೆ ಯಾವ ಮೆಕ್ಯಾನಿಕ್ಕೂ ಬೇಕಾಗಿಲ್ಲ!” ಎಂದು ಒಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಎತ್ತಿ ಘೋಷಿಸಿದೆ. ಕ್ಯಾತ್ಸಂದ್ರದ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಫಿಸಿಕ್ಸ್ ಪಾಠ ಹೇಳಿದವನು ನಾನು. ಭಾರ, ಬಲ, ಒತ್ತಡಗಳೆಲ್ಲ ನಾನು ಕೂರೆಂದರೆ ಕೂರುತ್ತವೆ, ನಿಲ್ಲೆಂದರೆ ನಿಲ್ಲುತ್ತವೆ!

“ಮೊನ್ನೆ ಬಲ್ಬ್ ಬದಲಾಯ್ಸಕ್ಕೇ ಎಲೆಕ್ಟ್ರಿಷಿಯನ್ ಬಂದಿದ್ದ,” ಎಂದಳು ಹೆಂಡತಿ ಶಾಂತಲಾ.

ಮಹಾಪುರುಷರು ಇಂಥ ಮಾತಿಗೆ ಕಿವಿಗೊಡುವುದಿಲ್ಲ. ಅಟ್ಟದ ಮೇಲಿದ್ದ ಹಳೆಯ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ, ಮೊಳೆ ಹೊಡೆದು, ಕಾರಿನ ಮುಂದಿನ ಚಕ್ರ ಹತ್ತಿಸಲು ಎರಡು ರ‍್ಯಾಂಪ್ ಕಟ್ಟಿದೆ. ಕಾರು ಹತ್ತಿತು. ನಾನು ಇಳಿದು ಬಂದು, ಮಲಗಲೆಂದು ಕಾರಿನಡಿಗೆ ಚಾಪೆ ತಳ್ಳಿದೆ. ಚಟಾರ್! ಎಡಗಡೆಯ ರ‍್ಯಾಂಪ್ ಸೀಳಿಹೋಗಿ ಕಾರು ಚಾಪೆಯ ಮೇಲೆ ಕುಳಿತಿತು.

ಶಾಂತಲಾ ಓಡಿಬಂದು ನನ್ನ ತೋಳು ಹಿಡಿದಳು. “ಚಾಪೆ ಮೇಲೆ ನೀವಿದ್ದಿದ್ರೆ? ಗಟ್ಟಿ ರ‍್ಯಾಂಪ್ ಇಲ್ದೆ ಇನ್ನೊಂದ್ಸಲ ಕಾರಿನಡಿಕ್ಕೆ ಹೋದ್ರೆ ನನ್ನಾಣೆ!”

ಆಣೆಗೆ ತಲೆಬಾಗಿ ಗುಬ್ಬಿಯ ವೆಲ್ಡರ್ ಅಡವಿಯಪ್ಪನ ಬಳಿ ಹೋದೆ. ಕಬ್ಬಿಣದ ಆಂಗಲ್, ಅಡ್ಡಪಟ್ಟಿ, ಚಕ್ರ ಮುಂದಕ್ಕೆ ಉರುಳದಂತೆ ತಡೆ, ನೆಲದಲ್ಲಿ ಜಾರದಂತೆ ರಬ್ಬರ್... ನನ್ನ ಸುರಕ್ಷತೆಗೆ ಕೊನೆಯೇ ಇರಲಿಲ್ಲ!

“ರ‍್ಯಾಂಪಿನ ಕಾಲು ಇನ್ನೂ ಗಿಡ್ಡ ಮಾಡಪ್ಪ. ಗಿಡ್ಡ ಆದಷ್ಟೂ ಅಲ್ಲಾಡಲ್ಲ. ಫಿಸಿಕ್ಸ್!”

“ಸಾರ್, ಈಗಾಗ್ಲೇ ಎರಡು ಸಲ ಕುಯ್ದಿದೀನಿ.”

“ಇನ್ನೊಂದ್ಸಲ ಕುಯ್ಯಿ!”

ಅಡವಿಯಪ್ಪ ಫಿಸಿಕ್ಸಿಗೆ ಗೌರವ ಕೊಟ್ಟು ಮೂರನೇ ಸಲವೂ ಕುಯ್ದ.

ಮುಂದಿನ ಭಾನುವಾರ ಕಾರು ಗಜಗಾಂಭೀರ್ಯದಿಂದ ಹತ್ತಿ ನಿಂತಿತು. ಹ್ಯಾಂಡ್ ಬ್ರೇಕ್ ಎಳೆದೆ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ, ಅಲ್ಲಾಡಿಸಿ ನೋಡಿದೆ. ಬಂಡೆ! ಶಾಂತಲಾ ಸಮಾಧಾನವಾಗಿ ಒಳಗೆ ಹೋದಳು. ನಾನು ಅಂಗಾತ ಮಲಗಿ ತೂರಿದೆ. ತಲೆ ಹೋಯಿತು. ಎದೆ ಹೋಯಿತು. ಹೊಟ್ಟೆಯ ಸರದಿ ಬಂತು... ನಿಂತಿತು! ಉಸಿರು ಬಿಗಿಹಿಡಿದು ಇನ್ನೊಂದಿಷ್ಟು ನುಗ್ಗಿದೆ. ಈಗ ಒಳಗೂ ಇಲ್ಲ, ಹೊರಗೂ ಇಲ್ಲ!

ಅದೇ ಹೊತ್ತಿಗೆ ಸಿ.ಎಸ್. ಪುರದಿಂದ ಬಂದ ನನ್ನ ಮಾವ ಕರಿಸಿದ್ದಪ್ಪ, ತೆಂಗಿನಕಾಯಿ ಚೀಲದೊಂದಿಗೆ ಗೇಟು ತೆಗೆದರು. ಅವರಿಗೆ ಕಂಡದ್ದು ಕಾರಿನಡಿಯಿಂದ ಚಾಚಿಕೊಂಡು ಒದ್ದಾಡುತ್ತಿದ್ದ ಎರಡು ಕಾಲು!

“ಅಯ್ಯಯ್ಯೋ, ಅಳಿಯಂದ್ರು ಕಾರಡಿಗೆ ಸಿಕ್ಕಂಡವ್ರೆ! ಬನ್ರಪ್ಪೋ!”

ಬೀದಿಗೆ ಬೀದಿಯೇ ಓಡಿಬಂತು. ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು. “ನಂಗೇನೂ ಆಗಿಲ್ಲ!” ಎಂದು ನಾನು ಕೂಗಿದರೆ, “ಪಾಪ, ತಲೆಗೇ ಪೆಟ್ಟಾಗೈತೆ, ಬಡಬಡಿಸ್ತವ್ರೆ” ಎಂದರು ಪಕ್ಕದ ಮನೆಯ ಮಂಜುಳಮ್ಮ.

ಶಾಂತಲಾ ಅಳುತ್ತಾ ಬಗ್ಗಿದಳು. “ಏನ್ರೀ ಸಿಕ್ಕಾಕ್ಕೊಂಡಿರೋದು? ಕೈಯಾ? ಕುತ್ತಿಗೆಯಾ?”

“ಹೊಟ್ಟೆ” ಎಂದೆ, ಆದಷ್ಟು ಮೆಲ್ಲಗೆ.

ಅವಳ ಅಳು ಅರ್ಧಕ್ಕೇ ನಿಂತು ನಗುವಾಯಿತು. ನಾಲ್ವರು ಕಾಲು ಹಿಡಿದು ಎಳೆದರು. ನಾನು ಬಂದೆ, ಅಂಗಿಯ ಗುಂಡಿಗಳು ಬರಲಿಲ್ಲ.

ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಸ್ಟ್ರೆಚರ್ ಇಳಿಸಿದ ನರ್ಸಮ್ಮ, “ರ‍್ಯಾಂಪ್ ಮುರೀತಾ?” ಎಂದು ಗಾಬರಿಯಿಂದ ಕೇಳಿದರು.

ಮಾವ ರ‍್ಯಾಂಪನ್ನೊಮ್ಮೆ ಒದ್ದು ನೋಡಿದರು. ನನ್ನ ಹೊಟ್ಟೆಯನ್ನೊಮ್ಮೆ ನೋಡಿದರು.

“ಮುರಿಯೋ ಮಾತೇ ಇಲ್ಲ ಕಣಮ್ಮ! ನಮ್ಮ ಅಳಿಯಂದ್ರು ಎಷ್ಟು ಸೇಫಾಗಿ ಮಾಡ್ಸವ್ರೆ ಅಂದ್ರೆ, ಇದರಡಿಕ್ಕೆ ಮನುಷ್ಯರು ಹೋಗಕ್ಕೇ ಆಗಲ್ಲ!”